ಗೋಡೆ ತುಂಬ ಗ್ರೂಪ್ ಫೋಟೋ



ಸ್ಟ್ಯಾನ್ಮೋರ್‌ನಲ್ಲಿ ಜುಬಿಲಿ ಲೈನ್ ಹತ್ತಿ, ಗ್ರೀನ್ ಪಾರ್ಕ್‌ನಲ್ಲಿ ವಿಕ್ಟೋರಿಯಾ ಲೈನಿಗೆ ಬದಲಾಯಿಸಿ, ಪಿಮ್ಲಿಕೋದಲ್ಲಿ ಇಳಿದು ಸ್ವಲ್ಪ ನಡೆದರೆ ಟೇಟ್ ಬ್ರಿಟನ್ ಸಿಗುತ್ತದೆ. ಹೆಸರಾಂತ ಕಲಾವಿದರ ಚಿತ್ರಗಳಿರುವ ಜಾಗ. 2019ರ ನವೆಂಬರ್‌ನಲ್ಲಿ ಅಲ್ಲಿನ ದೊಡ್ಡ ಹಜಾರದ ಗೋಡೆಗಳನ್ನು ತುಂಬಿದ್ದು ಏನು ಗೊತ್ತೇ? ಶಾಲೆಯ ಗ್ರೂಪ್ ಫೋಟೋಗಳು!

ಇದನ್ನು ಮಾಡಿಸಿದವರು ಲಂಡನ್‌ನಲ್ಲೇ ಹುಟ್ಟಿ ಬೆಳೆದ, ಕೆರಿಬಿಯನ್ ಮೂಲದ ಕಲಾವಿದ, ಸಿನಿಮಾ ನಿರ್ದೇಶಕ ಸ್ಟೀವ್ ಮೆಕ್ವೀನ್. ಲಂಡನ್ನಿನ ಎಲ್ಲ ಪ್ರೈಮರಿ ಶಾಲೆಗಳ ಇಯರ್ ಥ್ರೀ ಮಕ್ಕಳನ್ನು ಅವರು ಕರೆದರು. 1,504 ಶಾಲೆಗಳು ಸೇರಿಕೊಂಡವು. ಒಟ್ಟು 3,128 ಫೋಟೋಗಳು, 76,146 ಮಕ್ಕಳು! ಸರ್ಕಾರಿ ಶಾಲೆಯವರು, ಖಾಸಗಿ ಶಾಲೆಯವರು, ವಿಶೇಷ ಶಾಲೆಯವರು, ಮನೆಯಲ್ಲೇ ಕಲಿಯುವವರು, ಎಲ್ಲರೂ ಇದ್ದರು. ಅದೇ ತಿಂಗಳು ಎರಡು ವಾರ ಲಂಡನ್ನಿನ ಎಲ್ಲ ಬರೋಗಳಲ್ಲೂ 600ಕ್ಕೂ ಹೆಚ್ಚು ಜಾಹೀರಾತು ಫಲಕಗಳ ಮೇಲೆ ಸೋಪು, ಮೊಬೈಲುಗಳ ಬದಲು ಈ ಮಕ್ಕಳ ಮುಖಗಳೇ ಕಂಡವು.

ಫೋಟೋಗಳು ಬಹಳ ಸರಳ. ಸಾಲಾಗಿ ಕೂತ, ನಿಂತ ಮಕ್ಕಳು, ಜೊತೆಗೆ ಟೀಚರು. ನಮ್ಮೂರ ಶಾಲೆಗಳಲ್ಲಿ ಹೆಡ್‌ಮಾಸ್ತರರನ್ನು ನಡುವೆ ಕೂರಿಸಿ ತೆಗೆಸುತ್ತಿದ್ದ ಫೋಟೋಗಳ ಹಾಗೆಯೇ. ಒಂದೇ ಬಣ್ಣದ ಯೂನಿಫಾರ್ಮ್ ತೊಟ್ಟಿದ್ದರೂ ಒಬ್ಬರಂತೆ ಇನ್ನೊಬ್ಬರಿಲ್ಲ. ತರಗತಿಯ ಜೊತೆ ನೋಡಲು ಬಂದ ಮಕ್ಕಳು ಸಾವಿರಾರು ಮುಖಗಳ ನಡುವೆ ಮೊದಲು ಹುಡುಕಿದ್ದು ಯಾರನ್ನು? ತಮ್ಮನ್ನೇ!

ಪೋಷಕರೇ, ಏಳೆಂಟರ ವಯಸ್ಸನ್ನು ಮೆಕ್ವೀನ್ ಸುಮ್ಮನೆ ಆರಿಸಲಿಲ್ಲ. ಮನೆಯಾಚೆಗೂ ದೊಡ್ಡ ಜಗತ್ತಿದೆ, ಅದರಲ್ಲಿ ನಾನು ಯಾರು ಎಂದು ಮಗು ಗಮನಿಸತೊಡಗುವ ವಯಸ್ಸದು. ನಮ್ಮ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಹೊತ್ತಿಗೆ "ಅಮ್ಮಾ, ಗೇಟಿನ ಹತ್ತಿರ ಕನ್ನಡ ಮಾತಾಡಬೇಡ" ಎಂಬ ಮಾತು ಶುರುವಾಗುತ್ತದೆ. ಉದ್ದದ ಹೆಸರು ತುಂಡಾಗುತ್ತದೆ. ಚಿತ್ರಾನ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಬೈದರೆ ಮಗು ಇನ್ನಷ್ಟು ಮುದುಡುತ್ತದೆ. ಇಂಟರ್‌ನ್ಯಾಷನಲ್ ಡೇ ದಿನ ರೇಷ್ಮೆ ಲಂಗ, ಜುಬ್ಬ ತೊಡಿಸಿ ಕಳಿಸುವುದು ಚೆಂದವೇ. ಆದರೆ ಅದು ವರ್ಷಕ್ಕೊಂದು ದಿನ. ಉಳಿದೆಲ್ಲ ದಿನ, ಮಾಮೂಲಿ ಯೂನಿಫಾರ್ಮಿನಲ್ಲೇ, "ನನ್ನ ಹೆಸರು ಹಾಗಲ್ಲ, ಹೀಗೆ" ಎಂದು ನಗುತ್ತ ಹೇಳುವ ಧೈರ್ಯ ಮಗುವಿಗೆ ಬೇಕು. ಅದು ಬರುವುದು ಮನೆಯಲ್ಲಿ ನಾವು ಆ ಹೆಸರನ್ನು ಪೂರ್ತಿಯಾಗಿ, ಪ್ರೀತಿಯಿಂದ ಕರೆದಾಗ. ಅದನ್ನು ಯಾಕೆ ಇಟ್ಟೆವೆಂಬ ಕಥೆ ಹೇಳಿದಾಗ.

ಮಕ್ಕಳೇ, ಈ ತಿಂಗಳು ನಿಮಗೆರಡು ಕೆಲಸ. ಅಜ್ಜಿ-ತಾತನಿಗೆ ವಿಡಿಯೋ ಕಾಲ್ ಮಾಡಿ, ಅವರ ಶಾಲೆಯ ಗ್ರೂಪ್ ಫೋಟೋ ಇದ್ದರೆ ತೋರಿಸಲು ಕೇಳಿ. ಪಕ್ಕದಲ್ಲಿ ನಿಂತವರ ಹೆಸರು ಅವರಿಗೆ ಇನ್ನೂ ನೆನಪಿದೆಯೇ ನೋಡಿ. ಎರಡನೆಯದು, ನಿಮ್ಮ ಇಂಗ್ಲಿಷ್ ಶಾಲೆಯ ಐವರು ಗೆಳೆಯರಿಗೆ "ನಿನ್ನ ಹೆಸರನ್ನು ನಿಮ್ಮ ಮನೆಯಲ್ಲಿ ಹೇಗೆ ಕರೆಯುತ್ತಾರೆ?" ಎಂದು ಕೇಳಿ. ಅವರು ಹೇಳಿದ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ದೊಡ್ಡದಾಗಿ ಬರೆಯಿರಿ. ಒತ್ತಕ್ಷರ, ದೀರ್ಘ ತಪ್ಪಬಾರದು! ಪೋಲೆಂಡಿನ ಹೆಸರಿರಲಿ, ನೈಜೀರಿಯಾದ್ದಿರಲಿ, ಗುಜರಾತಿನದ್ದಿರಲಿ, ನಮ್ಮ ವರ್ಣಮಾಲೆಯಲ್ಲಿ ಜಾಗವಿದೆ.

ಆ ಹಾಳೆಗಳನ್ನು ಮುಂದಿನ ತರಗತಿಗೆ ತನ್ನಿ. ನಿಮ್ಮ ಹೆಸರನ್ನೂ ನಡುವೆ ಸೇರಿಸಿ ಗೋಡೆ ತುಂಬ ಅಂಟಿಸೋಣ.