ಟ್ರ್ಯಾಕ್ಟರ್ ಟ್ಯೂಬು ದೋಣಿ ಅಲ್ಲ ಸ್ವಾಮಿ

ಕೃಷಿ ಹೊಂಡದಲ್ಲಿ ಫುಟ್‌ವಾಲ್ವಿಗೆ ಪಾಚಿ ಕಟ್ಟಿಕೊಂಡರೆ ನಾವೆಲ್ಲ ಮಾಡೋದು ಒಂದೇ. ಹಳೇ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ಹೊಡೆಸಿ, ಮೇಲೊಂದು ಹಲಗೆ ಕಟ್ಟಿ, ಕೂತು ತೇಲಿಕೊಂಡು ಹೋಗ್ತೀವಿ. ನಾನೂ ವರ್ಷಗಟ್ಟಲೆ ಮಾಡಿದವನೇ. ಯಾರಾದ್ರೂ ಕೇಳಿದರೆ "ನಂಗೆ ಈಜು ಬರುತ್ತೆ ಬಿಡಪ್ಪ" ಅಂತೀವಿ. ಈ ಮಾತಿನ ಮೇಲೇ ನನ್ನ ಜಗಳ.

ನಾವು ಈಜು ಕಲಿತಿದ್ದು ಬಾವಿಯಲ್ಲಿ. ಬಾವಿಗೆ ಮೆಟ್ಟಿಲಿತ್ತು, ಕಲ್ಲಿನ ಸಂದಿ ಇತ್ತು, ಹಿಡ್ಕೊಂಡು ಹತ್ತಬಹುದಿತ್ತು. ಹೊಂಡದಲ್ಲಿ ಏನಿದೆ? ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಶೀಟು, ಶೀಟಿನ ಮೇಲೆ ಲೋಳೆ. ದಡ ಮುಟ್ಟಿದರೂ ಮೇಲೆ ಬರೋಕಾಗಲ್ಲ. ಕಾಲಿಟ್ಟಷ್ಟೂ ಜಾರುತ್ತೆ, ಉಸಿರು ಸೋಲುತ್ತೆ. ಎಂಥಾ ಈಜುಗಾರನೂ ದಡದಿಂದ ಒಂದು ಮಾರು ದೂರದಲ್ಲೇ ಮುಳುಗೋದು ಹೀಗೆ.

ಹೋದ ಬೇಸಿಗೆ ನನಗೇ ಆಯ್ತು. ಟ್ಯೂಬು ಬೆಳಗಿಂದ ಬಿಸಿಲಲ್ಲೇ ಬಿದ್ದಿತ್ತು. ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತೆ, ಹಳೇ ಪ್ಯಾಚಿನ ಅಂಟು ಸಡಿಲ ಆಗುತ್ತೆ. ಇದು ಗೊತ್ತಿದ್ದೂ ನೋಡಲಿಲ್ಲ. ಹೊಂಡದ ಮಧ್ಯೆ ಪ್ಯಾಚು ಎದ್ದುಬಿಡ್ತು. ಹಲಗೆ ಒಂದು ಕಡೆ ವಾಲಿ ನಾನು ನೀರಿಗೆ. ಈಜಿ ದಡಕ್ಕೆ ಬಂದೆ, ಮೂರು ಸಲ ಜಾರಿದೆ. ನಮ್ಮ ಮನೆಯವರು ಹಸು ಕಟ್ಟೋ ಹಗ್ಗ ಎಸೆದಿದ್ದಕ್ಕೆ ಇವತ್ತು ಇದನ್ನ ಬರೀತಿದ್ದೀನಿ.

ದಾಂಡೇಲಿ ಕಡೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿಸೋ ದೋಣಿ ನೋಡಿ. ಅದರ ಗಾಳಿ ಒಂದೇ ಚೀಲದಲ್ಲಿ ಇರಲ್ಲ, ಬೇರೆ ಬೇರೆ ಅರೆ ಮಾಡಿರ್ತಾರೆ. ಒಂದು ಹೋದರೂ ಉಳಿದವು ತೇಲಿಸ್ತವೆ. ಅಷ್ಟಾದರೂ ಕೂತವರಿಗೆಲ್ಲ ಲೈಫ್ ಜಾಕೆಟ್, ಹೆಲ್ಮೆಟ್. ನಮ್ಮ ಟ್ಯೂಬಿಗೆ ಇರೋದೇ ಒಂದು ಅರೆ. ಅದು ಹೋದರೆ ಎಲ್ಲಾ ಹೋಯ್ತು.

ಈಗ ಹುಡುಗರು ಆನ್‌ಲೈನಲ್ಲಿ ಗಾಳಿ ತುಂಬೋ ಬಣ್ಣದ ದೋಣಿ ತರಿಸಿ, ರೀಲ್ಸ್ ಮಾಡೋಕೆ ಮೂರ್ಮೂರು ಜನ ಹತ್ತುತ್ತಾರೆ. ಇಂಥವುಗಳ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇದು ಜೀವ ಉಳಿಸೋ ಸಾಧನ ಅಲ್ಲ ಅಂತ ಬರೆದಿರುತ್ತೆ. ಓದೋರು ಯಾರು? ಕೆರೆಗೆ ಬಿಟ್ಟರೆ ಇನ್ನೂ ಕಷ್ಟ, ಹಗುರ ಇರೋದ್ರಿಂದ ಗಾಳಿ ಬೀಸಿದ ಕಡೆಗೆ ತಳ್ಕೊಂಡು ಹೋಗುತ್ತೆ, ಹುಟ್ಟು ಹಾಕಿದರೂ ವಾಪಸ್ ಬರಲ್ಲ.

"ಜಾಕೆಟ್ಟಿಗೆ ದುಡ್ಡು ದಂಡ" ಅನ್ನೋರಿಗೆ ಒಂದು ಪ್ರಶ್ನೆ. ಮೋಟರ್ ಸುಟ್ಟರೆ ಸಾಲ ಮಾಡಿಯಾದ್ರೂ ರೀವೈಂಡಿಂಗ್ ಮಾಡಿಸಲ್ವಾ? ಜೀವದ ಮಾತಿಗೆ ಬಗ್ಗದಿದ್ದರೆ ಶೀಟಿನ ಮಾತು ಕೇಳಿ: ಟ್ಯೂಬಿನ ವಾಲ್ವು ಲೋಹದ್ದು, ಉಜ್ಜಿದರೆ ಶೀಟು ಹರಿಯುತ್ತೆ. ಆಗ ಮಾತ್ರ ನಮ್ಮೋರಿಗೆ ಹೊಟ್ಟೆ ಉರಿಯುತ್ತೆ!

ನಾನೀಗ ಫುಟ್‌ವಾಲ್ವಿಗೆ ಹಗ್ಗ ಕಟ್ಟಿ ಖಾಲಿ ಡ್ರಮ್ಮಿನಲ್ಲಿ ತೇಲಿಬಿಟ್ಟಿದ್ದೀನಿ. ದಡದಿಂದಲೇ ಎಳ್ಕೊಂಡು ತೊಳೀತೀನಿ. ನಾಲ್ಕು ಮೂಲೆಯಲ್ಲೂ ಗಂಟು ಹಾಕಿದ ನೈಲಾನ್ ಹಗ್ಗ ನೀರಿನವರೆಗೆ ಇಳಿಬಿಟ್ಟಿದ್ದೀನಿ. ಇಳಿಯಲೇಬೇಕಾದರೆ ಸ್ಟಾರ್ಟರ್ ಆಫ್ ಮಾಡಿ ಫ್ಯೂಸ್ ಕಿತ್ತು, ಜಾಕೆಟ್ ಹಾಕಿ, ದಡದಲ್ಲಿ ಒಬ್ಬರನ್ನ ನಿಲ್ಲಿಸಿಯೇ.

ಜಾಕೆಟ್ ಪಂಪ್ ಮನೆ ಮೊಳೆಗೆ ನೇತುಹಾಕಿದೆ. ಬೇಕಾದವರು ತಗೊಂಡು ಹೋಗಿ, ಸಂಜೆಗೆ ವಾಪಸ್ ತನ್ನಿ.