‘ಚಾಲಕನ ತಪ್ಪು’ ಎಂದು ಷರಾ ಬರೆದರೆ ಮುಗಿಯಿತೇ?

ನಮ್ಮ ದೇಶದಲ್ಲಿ ವಿಮಾನವೊಂದು ಬಿದ್ದರೆ ತನಿಖೆಗೆ ಮೊದಲೇ ತೀರ್ಪು ಸಿದ್ಧವಾಗಿರುತ್ತದೆ: ‘ಪೈಲಟನ ತಪ್ಪು.’ ಸತ್ತವನು ಎದ್ದು ಬಂದು ವಾದಿಸಲಾರ. ಆದುದರಿಂದ ಈ ಷರಾ ಕಂಪನಿಗೂ ಅನುಕೂಲ, ಇಲಾಖೆಗೂ ಅನುಕೂಲ. ಲೋಕಲ್ ಗಾಡಿಯಲ್ಲಿ ಪತ್ರಿಕೆ ಬಿಡಿಸಿಕೊಂಡ ನಮಗೂ ಅನುಕೂಲವೇ; ಅಂಧೇರಿ ಬರುವಷ್ಟರಲ್ಲಿ ಚರ್ಚೆ ಮುಗಿದಿರುತ್ತದೆ. ಈ ಷರಾದ ಬಗ್ಗೆ ನನ್ನದೊಂದು ತಕರಾರಿದೆ.

ದೂರ ಹೋಗಬೇಕಿಲ್ಲ, ನಮ್ಮ ಜುಹೂವನ್ನೇ ನೋಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ತಂದು ಇಳಿದ ಜಾಗವದು. ಇಂದು ಅಲ್ಲಿ ಹೆಲಿಕಾಪ್ಟರುಗಳದೂ ಸಣ್ಣ ವಿಮಾನಗಳದೂ ಕಾರುಬಾರು. ಕೆಲವೇ ಕಿಲೋಮೀಟರ್ ಆಚೆಗೆ ಸಾಂತಾಕ್ರೂಜಿನ ದೊಡ್ಡ ನಿಲ್ದಾಣ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ದಿಕ್ಕಿನ ರನ್‌ವೇಗಳಿವೆ. 1953ರಲ್ಲಿ ಬಿ.ಓ.ಎ.ಸಿ. ಕಂಪನಿಯ ಕಾಮೆಟ್ ಜೆಟ್ ವಿಮಾನ ಸಾಂತಾಕ್ರೂಜ್ ಎಂದು ಭ್ರಮಿಸಿ ಜುಹೂವಿನಲ್ಲಿ ಇಳಿಯಿತು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸಿನ ಡಿಸಿ-8 ಅದನ್ನೇ ಮಾಡಿತು. ರನ್‌ವೇ ಸಾಲದೆ ಮುಂದಕ್ಕೆ ನುಗ್ಗಿ ಜಖಂಗೊಂಡಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಒಬ್ಬರು ಬ್ರಿಟಿಷರು, ಇನ್ನೊಬ್ಬರು ಜಪಾನೀಯರು. ನಡುವೆ 19 ವರ್ಷಗಳ ಅಂತರ. ಇಬ್ಬರೂ ದಡ್ಡರೇ? ಚಾಳಿನ ಒಂದೇ ಮೆಟ್ಟಿಲಲ್ಲಿ ಮೂರನೆಯ ಮಹಡಿಯವರೂ ಎಡವಿ, ಅವರ ಮನೆಗೆ ಬಂದ ನೆಂಟರೂ ಎಡವಿದರೆ, ನಾವು ಕಾಲನ್ನು ಬೈಯುತ್ತೇವೆಯೋ, ಮೆಟ್ಟಿಲನ್ನು ನೋಡುತ್ತೇವೆಯೋ?

ಮೆಟ್ಟಿಲನ್ನು ನೋಡುವ ವಿದ್ಯೆಯೊಂದು ಎರಡನೆಯ ಮಹಾಯುದ್ಧದ ಕಾಲದಲ್ಲೇ ಬೆಳೆಯಿತು. ಅಮೆರಿಕದ ಬಾಂಬರ್ ವಿಮಾನಗಳನ್ನು ಸುರಕ್ಷಿತವಾಗಿ ಇಳಿಸಿದ ಮೇಲೆ ಚಾಲಕರು ರೆಕ್ಕೆಯ ಫ್ಲಾಪ್ ಎತ್ತುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಹೋಗಿ ನೋಡಿದರೆ, ಎರಡು ಕೆಲಸಕ್ಕೂ ಪಕ್ಕಪಕ್ಕದಲ್ಲಿ ಒಂದೇ ರೂಪದ ಹಿಡಿಕೆಗಳು! ಒಂದಕ್ಕೆ ಚಕ್ರದಾಕಾರದ ತಲೆ, ಇನ್ನೊಂದಕ್ಕೆ ಬೆಣೆಯಾಕಾರದ ತಲೆ ಹಾಕಿಸಿದ. ಕತ್ತಲಲ್ಲೂ ಕೈಗೇ ಗೊತ್ತಾಗುವ ಹಾಗೆ. ಇಷ್ಟು ತಿಳಿದ ಮೇಲೂ ಖಾಸಗಿಯವರು ಹಾರಿಸುವ ಬೀಚ್‌ಕ್ರಾಫ್ಟ್ ಬೊನಾಂಜಾ, ಬ್ಯಾರನ್ ವಿಮಾನಗಳಲ್ಲಿ ಅದೇ ಗೊಂದಲ ಮುಂದುವರಿದಿತ್ತು. ದೋಷ ವಿನ್ಯಾಸದ್ದೆಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 1980ರಲ್ಲಿ ಹೇಳಬೇಕಾಯಿತು.

ನಮ್ಮ ಮಳೆಗಾಲಕ್ಕೆ ಹತ್ತಿರದ ಸಂಗತಿ ಇನ್ನೊಂದಿದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣಗಳನ್ನು ನೋಡಿಯೇ ಹಾರಿಸುವ ಅಭ್ಯಾಸವಿಲ್ಲದ 20 ಮಂದಿಯನ್ನು ಕೃತಕ ಮೋಡದ ಸ್ಥಿತಿಗೆ ಒಡ್ಡಿದರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು; ಸರಾಸರಿ 178 ಸೆಕೆಂಡುಗಳಲ್ಲಿ. ಮೂರು ನಿಮಿಷವೂ ಇಲ್ಲ! ದಿಗಂತ ಕಾಣದಾದಾಗ ಒಳಗಿವಿ ಸುಳ್ಳು ಹೇಳುತ್ತದೆ, ವಾಲಿದ್ದನ್ನು ನೆಟ್ಟಗಿದೆ ಎನ್ನುತ್ತದೆ. ಇದು ಕಲಿಯುವವರಿಗೆ ಮಾತ್ರ ಬರುವ ಕಷ್ಟವೂ ಅಲ್ಲ. 1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ ‘ಸಾಮ್ರಾಟ್ ಅಶೋಕ’ ಬಾಂದ್ರಾದ ಆಚೆ ಸಮುದ್ರಕ್ಕೆ ಬಿದ್ದು 213 ಜನ ಸತ್ತರು. ಕತ್ತಲ ಕಡಲಿನ ಮೇಲೆ ವಾಲಿಕೆ ತೋರಿಸುವ ಉಪಕರಣವೊಂದು ಕೆಟ್ಟಿತ್ತು, ನುರಿತ ಕ್ಯಾಪ್ಟನ್ ಅದನ್ನು ನಂಬಿದ್ದರು.

“ಹಾಗಾದರೆ ಚಾಲಕನಿಗೆ ಹೊಣೆಯೇ ಇಲ್ಲವೇ?” ಎಂದು ಕೇಳುವವರಿದ್ದಾರೆ. ಕುಡಿದು ಹಾರಿಸಿದವನನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಮಂಗಳೂರನ್ನು ನೆನೆಯಿರಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನದಲ್ಲಿ ನಮ್ಮವರೇ ಎಷ್ಟೋ ಮಂದಿ, ಸತ್ತವರು 158. ಕ್ಯಾಪ್ಟನ್ ಸುಮಾರು ಒಂದೂಮುಕ್ಕಾಲು ಗಂಟೆ ನಿದ್ರಿಸಿ ಎದ್ದಿದ್ದರು. ಇಳಿಯುವುದು ಬೇಡ, ಮೇಲೇರೋಣ ಎಂದು ಸಹಚಾಲಕ ಮೂರು ಸಲ ಹೇಳಿದರು. ಹೇಳಿದರು, ಆದರೆ ಹಿರಿಯರ ಕೈಯಿಂದ ವಿಮಾನವನ್ನು ತಾವು ತೆಗೆದುಕೊಳ್ಳಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದೆಂದು ಮಕ್ಕಳಿಗೆ ಕಲಿಸುವ ನಮಗೆ ಆ ಸಂಕೋಚವನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂರು ಸಲ ಹೇಳಲು ಅಲ್ಲಿ ಒಬ್ಬರಾದರೂ ಇದ್ದರು. ಸಣ್ಣ ವಿಮಾನದಲ್ಲಿ ಅನೇಕ ವೇಳೆ ಅವರೂ ಇರುವುದಿಲ್ಲ. ಹವಾಮಾನ, ಇಂಧನ, ಮಾಲಿಕರ ಅವಸರ, ಎಲ್ಲವೂ ಒಂದೇ ತಲೆಯ ಮೇಲೆ. ಬೀಳುವಾಗ ಮಾತ್ರ ಯಾರ ಮೇಲಾದರೂ ಬೀಳುತ್ತದೆ. 2018ರ ಜೂನ್ 28ರ ಮಧ್ಯಾಹ್ನ ದುರಸ್ತಿಯ ನಂತರದ ಪರೀಕ್ಷಾ ಹಾರಾಟದಲ್ಲಿದ್ದ ಕಿಂಗ್ ಏರ್ ವಿಮಾನ ಘಾಟ್ಕೋಪರದ ಗಲ್ಲಿಯಲ್ಲಿ ಬಿತ್ತು. ಒಳಗಿದ್ದ ನಾಲ್ವರ ಜೊತೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬನೂ ಸತ್ತ.

ನಮ್ಮಲ್ಲಿ ತಿಳಿವಳಿಕೆಗೆ ಬರವಿಲ್ಲ. ವೈಮಾನಿಕರ ದೇಹ-ಮನಸ್ಸುಗಳ ಅಧ್ಯಯನಕ್ಕೆಂದೇ ವಾಯುಪಡೆ 1957ರಲ್ಲಿ ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿತು. ತನಿಖೆಯ ಉದ್ದೇಶ ಅಪಘಾತ ತಡೆಯುವುದೇ ಹೊರತು ದೂಷಣೆಯಲ್ಲ ಎಂದು 2017ರ ನಿಯಮಗಳೇ ಸಾರಿದವು. ಅಮೆರಿಕದಲ್ಲಿ 1976ರಿಂದ ಚಾಲಕರು ತಮ್ಮ ತಪ್ಪುಗಳನ್ನು ಹೆಸರು ಬಯಲಾಗದಂತೆ ನಾಸಾಕ್ಕೆ ಬರೆದು ತಿಳಿಸುತ್ತ ಬಂದಿದ್ದಾರೆ. ನಮ್ಮಲ್ಲಿಯೂ ಸ್ವಯಂಪ್ರೇರಿತ ವರದಿಗೆ ಅವಕಾಶವಿದೆ. ಆದರೆ ಬರೆದರೆ ಕೆಲಸ ಹೋದೀತೆಂಬ ಭಯವಿದ್ದಲ್ಲಿ ಯಾರು ತಾನೇ ಬರೆದಾರು?

ನಮ್ಮ ಎಷ್ಟೋ ಮನೆಗಳಲ್ಲಿ ಈಗ ಮಗನನ್ನೋ ಮಗಳನ್ನೋ ಪೈಲಟ್ ಮಾಡುವ ಹಂಬಲವಿದೆ. ಪ್ರಾವಿಡೆಂಟ್ ಫಂಡ್ ತೆಗೆದು, ಊರಿನ ಜಾಗ ಅಡವಿಟ್ಟು ಲಕ್ಷಗಟ್ಟಲೆ ಕಟ್ಟುತ್ತಾರೆ. ಹಾಸ್ಟೆಲಿನ ಊಟ ಹೇಗೆಂದು ವಿಚಾರಿಸುವ ತಂದೆ-ತಾಯಂದಿರು ಇನ್ನೂ ಕೆಲವನ್ನು ವಿಚಾರಿಸಲಿ. ಕಲಿಸುವ ಗುರುಗಳು ದಿನಕ್ಕೆ ಎಷ್ಟು ಗಂಟೆ ಹಾರುತ್ತಾರೆ? ಇಂದು ಹಾರಾಟ ಬೇಡ ಎನ್ನುವ ಅಧಿಕಾರ ಅವರಿಗಿದೆಯೇ, ಅಥವಾ ಆಫೀಸಿನಿಂದ ಫೋನ್ ಬರುತ್ತದೆಯೇ? ಮೋಡ ಕಂಡು ಅರ್ಧದಾರಿಯಿಂದ ಹಿಂದಿರುಗಿದ ವಿದ್ಯಾರ್ಥಿಗೆ ಅಲ್ಲಿ ಏನೆನ್ನುತ್ತಾರೆ? ಉತ್ತರ ಸಿಗುವವರೆಗೆ ಚೆಕ್ಕಿಗೆ ಸಹಿ ಹಾಕಬೇಡಿ.