‘ತಡ್ಕೋ’ ಅನ್ನೋದು ಔಷಧಿ ಅಲ್ಲ

1/5
ಪಕ್ಕೆಲುಬು ಮುರಿದೋರಿಗೆ ನಮ್ಮ ಕೆಸರೆಯಲ್ಲಿ ಎಲ್ರೂ ಹೇಳೋದು ಒಂದೇ: "ಸ್ವಲ್ಪ ದಿನ ತಡ್ಕೋ, ತಾನಾಗೇ ಕೂಡ್ಕೊಳ್ಳುತ್ತೆ." ಮೂಳೆ ಕೂಡುತ್ತೆ, ಒಪ್ಪಿದೆ. ಅಲ್ಲೀವರೆಗೆ ಉಸಿರಾಡೋದು ಹೇಗೆ ಗುರು?

2/5
ಕೈ ಮುರಿದ್ರೆ ಪಟ್ಟು ಹಾಕಿ ಅಲುಗಾಡದ ಹಾಗೆ ಇಡಬಹುದು. ಎದೆಗೆ ಅದು ಆಗಲ್ಲ. ಬಿಕಾಂನೋರು ಲೆಕ್ಕ ಹಾಕಿ: ನಿಮಿಷಕ್ಕೆ ಬರೀ 12 ಉಸಿರು ಅಂದ್ರೂ ದಿನಕ್ಕೆ 17,280 ಸಲ ಆ ಎಲುಬು ಅಲುಗುತ್ತೆ. ನೋವಿಗೆ ಹೆದರಿ ಮನುಷ್ಯ ಅರ್ಧ ಉಸಿರು ತಗೋತಾನೆ, ಕೆಮ್ಮೋದೂ ಇಲ್ಲ. ಕಫ ಒಳಗೇ ನಿಲ್ಲುತ್ತೆ, ನ್ಯುಮೋನಿಯಾಗೆ ತಿರುಗಬಹುದು. ವಯಸ್ಸಾದವರಿಗೆ ಇದು ಜೀವಕ್ಕೇ ಕುತ್ತು.

3/5
ಇದಕ್ಕೆ ದಾರಿ ಇದೆ: ನರ್ವ್ ಬ್ಲಾಕ್. ಸ್ಕ್ಯಾನಿಂಗ್ ಅಂದ್ರೆ ಬಸುರಿಯರಿಗೆ ಅಂತಷ್ಟೇ ನಮಗೆ ಗೊತ್ತು. ಅದೇ ಅಲ್ಟ್ರಾಸೌಂಡ್‌ನಲ್ಲಿ ಅರಿವಳಿಕೆ ಡಾಕ್ಟರು ಸೂಜಿ ಎಲ್ಲಿ ಹೋಗ್ತಿದೆ ಅಂತ ಸ್ಕ್ರೀನ್ ಮೇಲೆ ನೋಡ್ತಾ, ಬೆನ್ನಿನ ಇಲ್ಲವೇ ಎದೆ ಪಕ್ಕದ ಸ್ನಾಯುವಿನ ಅಡಿಗೆ ಮರಗಟ್ಟಿಸೋ ಔಷಧಿ ಬಿಡ್ತಾರೆ. ಸಣ್ಣ ಟ್ಯೂಬ್ ಇಟ್ಟರೆ ಕೆಲವು ದಿನ ಕೊಡ್ತಾ ಹೋಗಬಹುದು. ಎದೆ ಪಕ್ಕದ ಸೆರೇಟಸ್ ಬ್ಲಾಕ್ ಬಗ್ಗೆ ವೈದ್ಯರು ಬರೆದಿದ್ದು 2013ರಲ್ಲಿ, ಬೆನ್ನಿನ ಎರೆಕ್ಟರ್ ಸ್ಪೈನೇ ಬ್ಲಾಕ್ ಬಗ್ಗೆ 2016ರಲ್ಲಿ. ನಮ್ಮ ‘ತಡ್ಕೋ’ ಮಾತ್ರ ಅಜ್ಜಿ ಕಾಲದ್ದೇ.

4/5
"ದುಬಾರಿ" ಅಂತೀರಾ? ಕಾಸ್ಟಿಂಗ್ ಓದಿದೀವಲ್ಲ, ಒಂದು ಸೂಜಿ ಖರ್ಚನ್ನ ಐಸಿಯು, ವೆಂಟಿಲೇಟರ್ ಬಿಲ್ ಪಕ್ಕ ಇಟ್ಟು ನೋಡಿ.
"ಪೇನ್‌ಕಿಲ್ಲರ್ ಸಾಕು" ಅಂತೀರಾ? ಕೆಲವರಿಗೆ ಸಾಕು. ಆದ್ರೆ ಮಾರ್ಫಿನ್ ತರದ್ದು ಜಾಸ್ತಿಯಾದ್ರೆ ಉಸಿರೇ ನಿಧಾನ ಆಗುತ್ತೆ, ಬೇರೆ ಕೆಲವು ಮಾತ್ರೆ ಹೊಟ್ಟೆಗೆ, ಕಿಡ್ನಿಗೆ ಹೊಡೆಯುತ್ತೆ.
ಬ್ಲಾಕ್ ಕೂಡ ಎಲ್ಲರಿಗೂ ಆಗಲ್ಲ. ಸೂಜಿ ಜಾಗದಲ್ಲಿ ಸೋಂಕು, ಔಷಧಿ ಅಲರ್ಜಿ, ರಕ್ತ ತೆಳು ಮಾಡೋ ಮಾತ್ರೆ, ಇದೆಲ್ಲ ನೋಡಿ ಡಾಕ್ಟರೇ ತೀರ್ಮಾನಿಸಲಿ. ನಾವು ಕೇಳೋದೇ ಇಲ್ವಲ್ಲ, ನನ್ನ ಜಗಳ ಅದಕ್ಕೆ.

5/5
ರಿಂಗ್ ರೋಡು ನಮ್ಮ ಏರಿಯಾ ಪಕ್ಕದಲ್ಲೇ ಇದೆ. 1924ರಲ್ಲಿ ಶುರುವಾದ ಮೆಡಿಕಲ್ ಕಾಲೇಜು ಇರೋ ಊರು ಇದು. ಆಕ್ಸಿಡೆಂಟ್ ಆಗಿ ಬಂದೋರಿಗೆ ಟಿಟಿ ಇಂಜೆಕ್ಷನ್ ಕೊಡೋದು ಎಷ್ಟು ಮಾಮೂಲೋ, ಎಲುಬು ಮುರಿದೋರಿಗೆ ಬ್ಲಾಕ್ ಬೇಕಾ ಅಂತ ನೋಡೋದೂ ಅಷ್ಟೇ ಮಾಮೂಲಾಗ್ಬೇಕು. ಸರ್ಕಾರಿ ವಾರ್ಡಲ್ಲೂ, ಬಡವರಿಗೂ.

ಹಲ್ಲು ಕಚ್ಚಿ ಮಲಗಿರೋರನ್ನ "ಗಟ್ಟಿ ಜೀವ" ಅಂತ ಹೊಗಳೋದು ಬಿಡಿ. ಈ ಪ್ರಶ್ನೆ ಸೇವ್ ಮಾಡ್ಕೊಳ್ಳಿ: "ಡಾಕ್ಟ್ರೇ, ಇವರಿಗೆ ನರ್ವ್ ಬ್ಲಾಕ್ ಕೊಡಬಹುದಾ?"

#ಕೆಸರೆ #ಮೈಸೂರು #ತಡ್ಕೋಬೇಡಿಕೇಳಿ